ವೀಣೆ ಸಾಕು, ತಕ್ಕಡಿ ತೋರಿಸಿ

ನಮಸ್ಕಾರ.

ನೀವು ಕಳಿಸಿದ ‘ಹನ್ನೊಂದು ಆಯಾಮಗಳ ಬ್ರಹ್ಮಾಂಡ’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಬರೆದರೆ ಖಂಡಿತ ಹಾಕುತ್ತೇವೆ. ‘ಚೆನ್ನಾಗಿದೆ, ಜಾಗ ಇಲ್ಲ’ ಅಂತ ಸುಮ್ನೆ ಎರಡು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಿಮಗೆ ಬರೆಯುವ ಕೈ ಇದೆ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಜರ್ಮನ್ ಗಣಿತಜ್ಞ ಕಲುಜಾ ಕಥೆ ಬರುವ ಪ್ಯಾರಾ ಸೊಗಸಾಗಿದೆ. ಐದನೇ ಆಯಾಮ ಸೇರಿಸಿಕೊಂಡರೆ ಗುರುತ್ವವೂ ವಿದ್ಯುತ್ಕಾಂತತೆಯೂ ಒಂದೇ ಲೆಕ್ಕದೊಳಗೆ ಕೂರುತ್ತವೆ ಅಂತ ಅವರು 1919ರಲ್ಲಿ ಐನ್‌ಸ್ಟೈನ್‌ಗೆ ಬರೆದದ್ದು, ಲೇಖನ ಅಚ್ಚಾಗಲು 1921ರವರೆಗೆ ಕಾಯಬೇಕಾದದ್ದು, ಆ ಆಯಾಮ ಕಣ್ಣಿಗೆ ಬೀಳದಷ್ಟು ಪುಟ್ಟದಾಗಿ ಸುತ್ತಿಕೊಂಡಿರಬೇಕು ಅಂತ 1926ರಲ್ಲಿ ಆಸ್ಕರ್ ಕ್ಲೈನ್ ಹೇಳಿದ್ದು. ಅದನ್ನು ಮುಟ್ಟಬೇಡಿ.

ಅಲ್ಲಿಂದ ಮುಂದೆ ವೀಣೆ ಶುರುವಾಗುತ್ತದೆ, ನಿಲ್ಲುವುದೇ ಇಲ್ಲ. ಎಲ್ಲವೂ ಅತಿ ಪುಟ್ಟ ತಂತಿಗಳಿಂದ ಆಗಿದೆ, ತಂತಿ ಬೇರೆ ಬೇರೆ ರೀತಿ ಕಂಪಿಸಿದರೆ ಬೇರೆ ಬೇರೆ ಕಣ ಅನ್ನುವ ಸ್ಟ್ರಿಂಗ್ ಸಿದ್ಧಾಂತಕ್ಕೆ ಆ ಹೋಲಿಕೆ ಒಂದು ಸಾಲಿಗೆ ಸರಿ. ನೀವು ಅದನ್ನು ಮೂರು ಪುಟ ಎಳೆದು, ಬ್ರಹ್ಮಾಂಡವೇ ನಾದ, ನಾದವೇ ಬ್ರಹ್ಮ ಅನ್ನುವಲ್ಲಿಗೆ ಮುಟ್ಟಿಸಿದ್ದೀರಿ. ಅಷ್ಟು ಹೊತ್ತಿಗೆ ಭೌತಶಾಸ್ತ್ರ ಎದ್ದು ಹೋಗಿರುತ್ತದೆ. ಆಮೇಲೆ ಹದಿನಾಲ್ಕು ಲೋಕ. ಅತಳ, ವಿತಳ, ಸುತಳ ಅಂತ ಪುರಾಣ ಹೇಳುವುದು ಯಾರೋ ವಾಸ ಮಾಡುವ ಜಾಗಗಳನ್ನು. ಆಯಾಮ ಅಂದರೆ ಚಲಿಸಬಹುದಾದ ಒಂದು ದಿಕ್ಕು. ಲೆಕ್ಕವಾದರೂ ತಾಳೆಯಾಗುತ್ತದಾ? ಈ ಸಿದ್ಧಾಂತದ ರೂಪಗಳಲ್ಲಿ ಸೂಪರ್‌ಸ್ಟ್ರಿಂಗ್‌ಗೆ ಬೇಕಾದ ಆಯಾಮಗಳು 10, ಎಂ-ಥಿಯರಿಗೆ 11, ಮೊದಮೊದಲ ಬೋಸಾನಿಕ್ ಸ್ಟ್ರಿಂಗ್‌ಗೆ 26. ನೀವು ಹೆಸರಿಸಿದ ಯಾವುದರಲ್ಲೂ 14 ಇಲ್ಲ. ಆ ಪ್ಯಾರಾ ಪೂರ್ತಿ ತೆಗೆಯಿರಿ.

ಇನ್ನು ನಿಜವಾದ ತಪ್ಪು. ‘2015ರಲ್ಲಿ ಜಿನೀವಾದ ಎಲ್‌ಎಚ್‌ಸಿ ಯಂತ್ರದಲ್ಲಿ ಹೆಚ್ಚುವರಿ ಆಯಾಮಕ್ಕೆ ಸಾಕ್ಷಿ ಸಿಕ್ಕಿತು’ ಅಂತ ಬರೆದಿದ್ದೀರಿ. ಸಿಕ್ಕಿಲ್ಲ. ಎಲ್‌ಎಚ್‌ಸಿ ಅಂದರೆ ಪ್ರೋಟಾನ್‌ಗಳನ್ನು ಭಾರೀ ವೇಗದಲ್ಲಿ ಡಿಕ್ಕಿ ಹೊಡೆಸುವ ಯಂತ್ರ. ಆ ಡಿಸೆಂಬರ್‌ನಲ್ಲಿ ಅಲ್ಲಿನ ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ತಂಡಗಳಿಗೂ 750 ಜಿಇವಿ (ಕಣಗಳ ಶಕ್ತಿ ಅಳೆಯುವ ಮಾನ) ಆಸುಪಾಸಿನಲ್ಲಿ ಫೋಟಾನ್, ಅಂದರೆ ಬೆಳಕಿನ ಕಣಗಳ, ಜೋಡಿಗಳು ಇರಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿ ಕಂಡವು. ಎರಡೂ ಕಡೆ ಒಂದೇ ಜಾಗದಲ್ಲಿ ಉಬ್ಬು! ಕೆಲವೇ ತಿಂಗಳಲ್ಲಿ ಅದರ ಬಗ್ಗೆ ನೂರಾರು ಪ್ರಬಂಧಗಳು ಬಂದವು. ಲಿಸಾ ರಾಂಡಲ್ ಮತ್ತು ರಾಮನ್ ಸುಂದ್ರಂ 1999ರಲ್ಲಿ ಹೇಳಿದ್ದ ಬಾಗಿದ ಐದನೇ ಆಯಾಮದ ಗ್ರಾವಿಟಾನ್ (ಗುರುತ್ವವನ್ನು ಹೊತ್ತೊಯ್ಯುತ್ತದೆ ಅಂತ ಊಹಿಸಿರುವ ಕಣ) ಇದೇ ಇರಬಹುದು ಅಂತ ಕೆಲವರು ವಾದಿಸಿದರು. 2016ರ ಆಗಸ್ಟ್‌ನಲ್ಲಿ, ಶಿಕಾಗೋದ ಕಣ ಭೌತಶಾಸ್ತ್ರ ಸಮ್ಮೇಳನದ ಹೊತ್ತಿಗೆ, ಹೆಚ್ಚಿನ ದತ್ತಾಂಶ ಬಂತು. ಉಬ್ಬು ಮಾಯವಾಯಿತು. ಬರೀ ಅಂಕಿಗಳ ಆಕಸ್ಮಿಕ ಏರಿಳಿತ ಅಷ್ಟೇ. ನೀವು 2015ರ ಸುದ್ದಿ ಓದಿದ್ದೀರಿ, 2016ರದ್ದು ಓದಿಲ್ಲ. ಈ ಭಾಗವನ್ನು ಅಳಿಸಬೇಡಿ, ಪೂರ್ತಿ ಬರೆಯಿರಿ. ಉಬ್ಬು ಕಂಡಾಗಿನ ಉತ್ಸಾಹವೂ ಇರಲಿ, ಇಳಿದಾಗಿನ ಸಪ್ಪೆ ಮುಖಗಳೂ ಇರಲಿ.

ತಮಾಷೆ ಅಂದರೆ, ಅಲ್ಲಿ ಸಾಕ್ಷಿ ಸಿಕ್ಕಿತು ಅಂದವರು ಕೊನೆಯ ಪುಟದಲ್ಲಿ ‘ಇದನ್ನು ಎಂದಿಗೂ ಪ್ರಯೋಗದಿಂದ ಪರೀಕ್ಷಿಸಲಾಗದು’ ಅಂದಿದ್ದೀರಿ. ಎರಡೂ ಹೇಗೆ ಸರಿಯಾಗುತ್ತವೆ? ಇಲ್ಲಿ ಎರಡು ಪ್ರಶ್ನೆ ಕಲಸಿಹೋಗಿವೆ. ತಂತಿಯನ್ನೇ ನೇರವಾಗಿ ನೋಡಬೇಕೆಂದರೆ, ಸಾಮಾನ್ಯ ಅಂದಾಜಿನ ಪ್ರಕಾರ, ಎಲ್‌ಎಚ್‌ಸಿಗಿಂತ ಕೋಟಿ ಕೋಟಿ ಪಟ್ಟು ಹೆಚ್ಚು ಶಕ್ತಿ ಬೇಕು. ಅದು ಕೈಗೆಟುಕದ ಮಾತು. ಆದರೆ ಹೆಚ್ಚುವರಿ ಆಯಾಮ ಇದೆಯಾ ಅನ್ನುವುದು ಬೇರೆ ಪ್ರಶ್ನೆ. ಅದು ಸಾಕಷ್ಟು ದೊಡ್ಡದಾಗಿದ್ದರೆ ಒಂದು ಕೋಣೆಯೊಳಗೇ ಅಳೆಯಬಹುದು. 1998ರಲ್ಲಿ ಅರ್ಕಾನಿ-ಹಮೆದ್, ಡಿಮೊಪೌಲೋಸ್, ದ್ವಾಲಿ ಎಂಬ ಮೂವರು ಇದನ್ನೇ ಹೇಳಿದರು. ಗುರುತ್ವ ಇಷ್ಟೊಂದು ದುರ್ಬಲವಾಗಿರುವುದು ಅದು ಬೇರೆ ಆಯಾಮಗಳಿಗೂ ಹರಡಿಹೋಗುವುದರಿಂದ ಇರಬಹುದು. ಅಂಥವು ಎರಡಿದ್ದರೆ ಅವುಗಳ ಅಳತೆ ಮಿಲಿಮೀಟರ್‌ನಷ್ಟೂ ಇರಬಹುದು ಅಂತ. ಹಾಗಿದ್ದರೆ ಅಷ್ಟು ಹತ್ತಿರದಲ್ಲಿ ನ್ಯೂಟನ್ನನ ನಿಯಮ ತಪ್ಪಬೇಕು. ದೂರ ಅರ್ಧವಾದರೆ ಸೆಳೆತ ನಾಲ್ಕು ಪಟ್ಟಾಗುವ ಬದಲು ಹದಿನಾರು ಪಟ್ಟಾಗಬೇಕು. ಆಗ ಒಂದು ವಿಷಯ ಎಲ್ಲರ ಗಮನಕ್ಕೆ ಬಂತು. ಮಿಲಿಮೀಟರ್‌ಗಿಂತ ಕಡಿಮೆ ದೂರದಲ್ಲಿ ಗುರುತ್ವವನ್ನು ಯಾರೂ ಸರಿಯಾಗಿ ಅಳೆದೇ ಇರಲಿಲ್ಲ!

ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕಿತ್ತು ಅಂತ ನನಗನ್ನಿಸುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಯೊಟ್-ವಾಷ್ ತಂಡದ ಬಗ್ಗೆ ನೀವು ಬರೆದಿರುವುದು ಒಂದೇ ವಾಕ್ಯ: ‘ಕೆಲವು ಸೂಕ್ಷ್ಮ ಪ್ರಯೋಗಗಳೂ ನಡೆದಿವೆ.’ ಆ ಪ್ರಯೋಗ ಹೇಗಿತ್ತು ಅಂತ ತೋರಿಸಿ. ಕೂದಲಿಗಿಂತ ಸಪೂರವಾದ ಟಂಗ್‌ಸ್ಟನ್ ಎಳೆಯಿಂದ ನೇತುಬಿಟ್ಟ ಒಂದು ಲೋಹದ ಬಿಲ್ಲೆ. ಅದರ ಸುತ್ತ ಸಾಲಾಗಿ ಕೊರೆದ ತೂತುಗಳು. ಕೆಳಗೆ ತೂತುಗಳಿರುವ ಇನ್ನೊಂದು ಬಿಲ್ಲೆ ನಿಧಾನವಾಗಿ ತಿರುಗುತ್ತದೆ. ತೂತಿರುವಲ್ಲಿ ಲೋಹ ಇಲ್ಲ, ಸೆಳೆತವೂ ಇಲ್ಲ. ಹಾಗಾಗಿ ಕೆಳಗಿನದು ತಿರುಗಿದಂತೆ ಮೇಲಿನದು ಆಚೆ ಈಚೆ ಚೂರೇ ಚೂರು ಹೊರಳುತ್ತದೆ. ಕನ್ನಡಿಗೆ ಬಿದ್ದು ಬರುವ ಬೆಳಕಿನಿಂದ ಆ ಹೊರಳುವಿಕೆಯನ್ನು ಅಳೆಯುತ್ತಾರೆ. ಎರಡು ಬಿಲ್ಲೆಗಳ ನಡುವೆ ಬಿಗಿಯಾಗಿ ಎಳೆದು ಕಟ್ಟಿದ ತೆಳು ಲೋಹದ ಹಾಳೆ ಬೇರೆ. ವಿದ್ಯುತ್ತಿನ ಒಂದಿಷ್ಟು ಸೆಳೆತ ನುಸುಳಿದರೂ ಪಾಪದ ಗುರುತ್ವ ಅದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ, ಅದಕ್ಕೆ. 1798ರಲ್ಲಿ ಕ್ಯಾವೆಂಡಿಷ್ ಬಳಸಿದ ತಿರುಚು ತಕ್ಕಡಿಯ ವಂಶವೇ ಇದು.

ಫಲಿತಾಂಶ? 2007ರಲ್ಲಿ 56 ಮೈಕ್ರೋಮೀಟರ್‌ವರೆಗೆ (ಮೈಕ್ರೋಮೀಟರ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ನ್ಯೂಟನ್ ಸರಿ. 2020ರಲ್ಲಿ ಸುಮಾರು 39ರವರೆಗೂ ಸರಿ. ಸುಮಾರು ಹದಿನೇಳು ಮೈಕ್ರೋಮೀಟರ್ ಮುಂದೆ ಹೋಗಲು ಹದಿಮೂರು ವರ್ಷ! ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಸಾಕು, ಕೆಲಸ ಎಷ್ಟು ಕಷ್ಟದ್ದು ಅಂತ ಓದುಗರಿಗೆ ತಾನಾಗಿಯೇ ಗೊತ್ತಾಗುತ್ತದೆ. ‘ಅದ್ಭುತ’, ‘ರೋಮಾಂಚಕ’ ಅಂತ ನೀವು ಹೇಳಬೇಕಾಗಿಲ್ಲ.

ಎಲ್‌ಎಚ್‌ಸಿ ಹುಡುಕಾಟವನ್ನು ಎರಡು ಮೂರು ಸಾಲಲ್ಲಿ ಮುಗಿಸಿ. ಗ್ರಾವಿಟಾನ್ ಬೇರೆ ಆಯಾಮಕ್ಕೆ ಜಾರಿಕೊಂಡರೆ ಲೆಕ್ಕದಲ್ಲಿ ಶಕ್ತಿ ಕಡಿಮೆ ಬೀಳಬೇಕು. ಹುಡುಕಿದರು, ಹಾಗೆ ಕಂಡಿಲ್ಲ. ನ್ಯೂಟ್ರಾನ್ ತಾರೆಗಳು ಡಿಕ್ಕಿಯಾಗಿ 2017ರ ಆಗಸ್ಟ್ 17ರಂದು ನಮಗೆ ತಲುಪಿದ ಗುರುತ್ವ ಅಲೆಯನ್ನೂ ಸೇರಿಸಬಹುದು. ಸುಮಾರು 13 ಕೋಟಿ ಬೆಳಕಿನ ವರ್ಷ ಬಂದರೂ ಅದು ದಾರಿಯಲ್ಲಿ ಬೇರೆ ಆಯಾಮಕ್ಕೆ ಸೋರಿಹೋದ ಕುರುಹು ಸಿಗಲಿಲ್ಲ.

ಇದರಿಂದ ಏನು ತೀರ್ಮಾನ ಅನ್ನುವಲ್ಲಿ ಹುಷಾರಾಗಿರಿ. ಇಷ್ಟು ದೊಡ್ಡ ಆಯಾಮ ಇಲ್ಲ ಅಂತ ಹೇಳಬಹುದು, ಸ್ಟ್ರಿಂಗ್ ಸಿದ್ಧಾಂತ ಸುಳ್ಳು ಅಂತ ಹೇಳಲಾಗದು. ಆಯಾಮ ಇನ್ನೂ ಚಿಕ್ಕದಿರಬಹುದು ಅಂತ ಅದರ ಪರ ಇರುವವರು ಯಾವಾಗಲೂ ಹೇಳಬಹುದು, ಅಲ್ವಾ? ನನ್ನ ಕೇಳಿದರೆ ಇದು ಸಿದ್ಧಾಂತದ ದೌರ್ಬಲ್ಯವೇ. ನೀವು ಒಪ್ಪಬೇಕಾಗಿಲ್ಲ, ಆದರೆ ಈ ಟೀಕೆ ಇದೆ ಅನ್ನುವುದನ್ನು ಮುಚ್ಚಿಡಬೇಡಿ. ಸ್ಟ್ರಿಂಗ್ ಸಿದ್ಧಾಂತಿ ಕಮ್ರನ್ ವಾಫಾ ಮತ್ತು ಸಂಗಡಿಗರು 2022ರಲ್ಲಿ ಮೈಕ್ರೋಮೀಟರ್ ಅಳತೆಯ ಒಂದು ‘ಕಪ್ಪು ಆಯಾಮ’ ಇರಬಹುದು ಅಂದಿದ್ದಾರೆ. ಅಂದರೆ ತಕ್ಕಡಿಯವರಿಗೆ ಕೆಲಸ ಇನ್ನೂ ಬಾಕಿ ಇದೆ. ಅದನ್ನೂ ಸೇರಿಸಿ.

ಕೊನೆಗೊಂದು ಮಾತು. ಈ ಕ್ಷೇತ್ರದ ದೊಡ್ಡ ಹೆಸರಾದ ಅಶೋಕ್ ಸೇನ್ ಇರುವುದು ನಮ್ಮ ಬೆಂಗಳೂರಿನ ಐಸಿಟಿಎಸ್ ಎಂಬ ಸೈದ್ಧಾಂತಿಕ ವಿಜ್ಞಾನದ ಸಂಸ್ಥೆಯಲ್ಲಿ. 2015ರ ಅಂತಾರಾಷ್ಟ್ರೀಯ ಸ್ಟ್ರಿಂಗ್ಸ್ ಸಮ್ಮೇಳನ ನಡೆದದ್ದೂ ಬೆಂಗಳೂರಲ್ಲೇ. ಆ ಸಂಸ್ಥೆಯವರು ಸಾರ್ವಜನಿಕ ಉಪನ್ಯಾಸಗಳನ್ನೂ ಇಡುತ್ತಾರೆ. ಹೋಗಿ ಕೂತು ಕೇಳಿ, ಪ್ರಶ್ನೆ ಕೇಳಿ.

ಸಾವಿರದಿನ್ನೂರು ಪದ ಮೀರದ ಹಾಗೆ ಬರೆದು ಕಳಿಸಿ. ಗ್ಯಾಲಕ್ಸಿ ಫೋಟೊಗಳು ಬೇಡ. ಆ ಎರಡು ಬಿಲ್ಲೆಗಳ ಚಿತ್ರವನ್ನು ಪೆನ್ಸಿಲ್‌ನಲ್ಲಿ ಗೀಚಿ ಕಳಿಸಿದರೆ ನಮ್ಮ ಕಲಾವಿದರು ನೀಟಾಗಿ ಬರೆದುಕೊಡುತ್ತಾರೆ. ಶೀರ್ಷಿಕೆ ಆಮೇಲೆ ನೋಡೋಣ.

ಇಂತಿ,
ಸಂಪಾದಕ