ಪೀಟರ್ ಲ್ಯಾನ್ಯನ್ ಯಾರು? ಅವರನ್ನು ಅಮೂರ್ತ ಚಿತ್ರಕಾರ ಎನ್ನಬಹುದೇ?

ಪೀಟರ್ ಲ್ಯಾನ್ಯನ್ 1918ರಲ್ಲಿ ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿದರು. ಅಲ್ಲಿನ ಪ್ರಸಿದ್ಧ ಆಧುನಿಕ ಕಲಾವಿದರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದು ನೆಲೆಸಿದವರಾದರೆ, ಲ್ಯಾನ್ಯನ್ ಆ ಮಣ್ಣಿನವರೇ. ಅವರ ಚಿತ್ರಗಳ ಸ್ವಭಾವವನ್ನು ಅರಿಯಲು ಇದು ಮುಖ್ಯವೆಂದು ನನ್ನ ಭಾವನೆ. 1939ರಲ್ಲಿ ಯುದ್ಧದ ಹೊತ್ತಿಗೆ ಊರಿಗೆ ಬಂದ ಚಿತ್ರಕಾರ ಬೆನ್ ನಿಕಲ್ಸನ್ ಅವರಲ್ಲಿ ಪಾಠ ಹೇಳಿಸಿಕೊಂಡ ಅವರು, ನಾವುಮ್ ಗಾಬೊ ಅವರ ಶಿಲ್ಪಗಳಿಂದಲೂ ಗಾಢವಾಗಿ ಪ್ರಭಾವಿತರಾದರು. ಬಳಿಕ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ದುಡಿದರು.

ಅವರನ್ನು ಅಮೂರ್ತ ಚಿತ್ರಕಾರರು, ಅಂದರೆ ಗುರುತಿಸಬಹುದಾದ ವಸ್ತುಗಳನ್ನು ಬಿಡಿಸದೆ ಬಣ್ಣ, ಆಕಾರಗಳಲ್ಲೇ ಚಿತ್ರಿಸುವವರು, ಎನ್ನುವುದು ವಾಡಿಕೆ. ಆದರೆ ಅವರ ಹೆಚ್ಚಿನ ಚಿತ್ರಗಳ ಹಿಂದೆ ನಿಜವಾದ ಒಂದು ಸ್ಥಳವಿರುತ್ತದೆ. ಕಾರ್ನ್‌ವಾಲ್‌ನ ಒಂದು ಗಣಿಯೂರಿನ ಹೆಸರು ಹೊತ್ತ 1953ರ 'ಸೇಂಟ್ ಜಸ್ಟ್' ಚಿತ್ರದಲ್ಲಿ ಹಸಿರು, ಬೂದು ಬಣ್ಣಗಳ ನಡುವೆ ಮೇಲಿನಿಂದ ಕೆಳಕ್ಕೆ ಸೀಳಿದಂತಿರುವ ಕಪ್ಪು ಪಟ್ಟಿಯು ಗಣಿಯ ಬಾವಿಯೂ ಹೌದು, ಶಿಲುಬೆಯ ಕಂಬವೂ ಹೌದು. ಆ ಸೀಮೆಯ ಲೆವಾಂಟ್ ತವರದ ಗಣಿಯಲ್ಲಿ 1919ರಲ್ಲಿ, ಕೆಲಸಗಾರರನ್ನು ಏರಿಸಿ ಇಳಿಸುವ ಯಂತ್ರ ಮುರಿದು 31 ಮಂದಿ ಸತ್ತಿದ್ದರೆಂಬುದನ್ನು ನೆನೆದರೆ ಆ ಕಪ್ಪು ಬೇರೆಯೇ ರೀತಿ ಕಾಣುತ್ತದೆ.

1959ರಲ್ಲಿ ಅವರು ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಹಾರಾಟ ಕಲಿತರು. ಕಣ್ಣಿಗೆ ಕಾಣದೆ ಮೇಲೇಳುವ ಬಿಸಿಗಾಳಿಯನ್ನು ರೆಕ್ಕೆಯ ಅದುರುವಿಕೆಯಿಂದಲೂ ಗುರುತಿಸುವ ಆ ಅನುಭವವು 1960ರ 'ಥರ್ಮಲ್' ಚಿತ್ರದಲ್ಲಿ ಸುತ್ತುವ ನೀಲಿ, ಬಿಳಿಗಳಾಗಿ ಮೂಡಿದೆ. ಗ್ಲೈಡರ್ ಅಪಘಾತದಲ್ಲಿ ಗಾಯಗೊಂಡು 1964ರ ಆಗಸ್ಟ್‌ನಲ್ಲಿ, 46ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.