ಸಿಡಿಲಿನ ಚಿತ್ರಕ್ಕೆ ಎಷ್ಟು ಹತ್ತಿರ ಹೋಗಬೇಕು?

ಪ್ರಶ್ನೆ: ಎರಡು ವರ್ಷಗಳಿಂದ ಗುಡುಗುಮೋಡಗಳನ್ನು ಕಾರಿನಲ್ಲಿ ಬೆನ್ನಟ್ಟಿ ಸಿಡಿಲಿನ ಚಿತ್ರ ತೆಗೆಯಲು ಯತ್ನಿಸುತ್ತಿದ್ದೇನೆ. ಮಿಂಚು ಕಂಡು ಗುಂಡಿ ಒತ್ತುವಷ್ಟರಲ್ಲಿ ಅದು ಮುಗಿದಿರುತ್ತದೆ. ರಾತ್ರಿ ಶಟರನ್ನು ತೆರೆದಿಟ್ಟರೆ ಸಿಡಿಲು ದಪ್ಪ ಬಿಳಿ ಪಟ್ಟಿಯಾಗಿ ಮೂಡುತ್ತದೆ. ಇನ್ನೂ ಹತ್ತಿರ ಹೋದರೆ ಒಳ್ಳೆಯ ಚಿತ್ರ ಸಿಕ್ಕೀತೆ? ಮಿಂಚನ್ನು ಗ್ರಹಿಸುವ ಟ್ರಿಗರ್ ಕೊಳ್ಳಬೇಕೆ?

ಉತ್ತರ: ದಯವಿಟ್ಟು ಹತ್ತಿರ ಹೋಗಬೇಡಿ. ಜೀವಕ್ಕೆ ಅಪಾಯವೆಂಬುದು ಒಂದು ಕಾರಣವಾದರೆ, ಚಿತ್ರ ಚೆನ್ನಾಗಿ ಬರಲೂ ದೂರವೇ ಬೇಕೆಂಬುದು ಇನ್ನೊಂದು. ಮೋಡದ ಅಡಿಯಲ್ಲಿ ನಿಂತವರಿಗೆ ಮಳೆಯ ಪರದೆಯಾಚೆ ಏನೂ ಕಾಣುವುದಿಲ್ಲ. ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ, ಮೋಡ ಸಾಗುವ ದಾರಿಯಿಂದ ಪಕ್ಕಕ್ಕೆ ಸರಿದು ನಿಂತರೆ ಮೋಡದ ಕಪ್ಪು ಬುಡ, ಇಳಿಯುವ ಮಳೆಯ ಕಂಬ, ಸಿಡಿಲು ಹೊರಟ ಜಾಗ ಮತ್ತು ಅದು ನೆಲ ಮುಟ್ಟಿದ ಜಾಗ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ.

ಬಿಳಿ ಪಟ್ಟಿಯ ತೊಂದರೆಗೆ ಶಟರ್ ಕಾರಣವಲ್ಲ. ಸಿಡಿಲಿನ ಬೆಳಕು ಕ್ಷಣಾರ್ಧದಲ್ಲಿ ಮುಗಿಯುವುದರಿಂದ, ಶಟರ್ ಐದು ಸೆಕೆಂಡು ತೆರೆದಿದ್ದರೂ ಇಪ್ಪತ್ತು ಸೆಕೆಂಡು ತೆರೆದಿದ್ದರೂ ಆ ಗೆರೆಯ ಹೊಳಪು ಬದಲಾಗದು. ಅದನ್ನು ನಿರ್ಧರಿಸುವುದು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ). ಶಟರಿನ ಅವಧಿಯಿಂದ ಬದಲಾಗುವುದು ಹಿನ್ನೆಲೆಯ ಆಕಾಶ ಮತ್ತು ನೆಲ ಮಾತ್ರ. ಇದೊಂದು ಮನದಟ್ಟಾದರೆ ಅರ್ಧ ಕೆಲಸ ಆದಂತೆ. ಕತ್ತಲಲ್ಲಿ ಐಎಸ್‌ಒ 100, ಅಪರ್ಚರ್ ಎಫ್ 8 (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು), ಹದಿನೈದು ಸೆಕೆಂಡು ಎಂದು ಆರಂಭಿಸಿ. ಕವಲುಗಳು ಕಾಣದೆ ಗೆರೆ ದಪ್ಪವಾದರೆ ಅಪರ್ಚರನ್ನು ಎಫ್ 11ಕ್ಕೋ ಎಫ್ 16ಕ್ಕೋ ಕಿರಿದುಗೊಳಿಸಿ; ಗೆರೆ ಸರಿಯಿದ್ದು ಆಕಾಶ ಮಾತ್ರ ಬೆಳ್ಳಗಾದರೆ ಸಮಯವನ್ನು ಕಡಿಮೆ ಮಾಡಿ. ಫೋಕಸ್ಸನ್ನು ದೂರದ ದೀಪವೊಂದರ ಮೇಲೆ, ಪರದೆಯಲ್ಲಿ ಹಿಗ್ಗಿಸಿ ನೋಡಿ ಕೈಯಿಂದಲೇ ಹೊಂದಿಸಿ, ಉಂಗುರ ಅಲುಗದಂತೆ ಟೇಪ್ ಅಂಟಿಸಿ. ದೀರ್ಘ ಚಿತ್ರಗಳಲ್ಲಿ ಮೂಡುವ ಚುಕ್ಕೆಗಳನ್ನು ಅಳಿಸುವ ‘ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್’ ಸೌಲಭ್ಯ ಚಾಲೂ ಇದ್ದರೆ ಪ್ರತಿ ಚಿತ್ರದ ನಂತರ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ಮನಿರುತ್ತದೆ, ಒಳ್ಳೆಯ ಸಿಡಿಲು ಆಗಲೇ ಬಂದು ಹೋಗುತ್ತದೆ, ಅದನ್ನು ಆರಿಸಿಡಿ.

ರಾತ್ರಿಯಲ್ಲಿ ಟ್ರಿಗರ್ ಬೇಕಿಲ್ಲ. ಬಿಡುವಿಲ್ಲದೆ ಒಂದರ ಹಿಂದೊಂದು ಚಿತ್ರ ತೆಗೆಯಲು ಇಂಟರ್ವಲೋಮೀಟರ್ (ಶಟರನ್ನು ತಾನಾಗಿಯೇ ಮತ್ತೆ ಮತ್ತೆ ಒತ್ತುವ ಸಾಧನ) ಸಾಕು. ಹಗಲಿನಲ್ಲಿ ಶಟರನ್ನು ಬಹಳ ಹೊತ್ತು ತೆರೆದಿಡಲು ಸಾಧ್ಯವಿಲ್ಲವಾದ್ದರಿಂದ ಆಗ ಟ್ರಿಗರ್ ನಿಜಕ್ಕೂ ಉಪಯುಕ್ತ. ಒಂದು ಸಿಡಿಲಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಹೊಡೆತಗಳು, ಸೆಕೆಂಡಿನ ಸುಮಾರು ಇಪ್ಪತ್ತನೇ ಒಂದು ಭಾಗದಷ್ಟು ಅಂತರದಲ್ಲಿ, ಒಂದೇ ಹಾದಿಯಲ್ಲಿ ಹರಿಯುತ್ತವೆ. ನಮ್ಮ ಬೆರಳು ಪ್ರತಿಕ್ರಿಯಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಟ್ರಿಗರ್ ಮೊದಲ ಹೊಡೆತವನ್ನು ಗ್ರಹಿಸಿ ನಂತರದವನ್ನು ಹಿಡಿಯುತ್ತದೆ. ಒಂದೇ ಹೊಡೆತದ ಸಿಡಿಲು ಅದಕ್ಕೂ ತಪ್ಪಬಹುದು.

ಇನ್ನು ಸುರಕ್ಷತೆ. ಮಳೆ ಬೀಳುವ ಜಾಗದಿಂದ ಹದಿನಾರು ಕಿಲೋಮೀಟರ್ ದೂರದಲ್ಲೂ ಸಿಡಿಲು ಬಡಿದ ಉದಾಹರಣೆಗಳಿವೆ. ಶಬ್ದವು ಸುಮಾರು ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಸಾಗುತ್ತದೆ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಕಾರಿನೊಳಗೆ ಕುಳಿತು ಗಾಜು ಏರಿಸಿ. ಟೈರಿನ ರಬ್ಬರು ಕಾಪಾಡುತ್ತದೆಂಬ ನಂಬಿಕೆ ತಪ್ಪು. ವಿದ್ಯುತ್ತನ್ನು ಹೊರಮೈಯಲ್ಲೇ ಹರಿಸಿ ನೆಲಕ್ಕೆ ಇಳಿಸುವುದು ಕಾರಿನ ಲೋಹದ ಕವಚ. ಕಾರು ನಿಲ್ಲಿಸುವ ಮೊದಲೇ ಆ ಜಾಗದಿಂದ ಪಾರಾಗುವ ಎರಡು ದಾರಿಗಳನ್ನು ಗುರುತಿಸಿಕೊಳ್ಳಿ. ಸಿಡಿಲನ್ನು ಅತಿವೇಗದ ಕ್ಯಾಮೆರಾದಿಂದ ಚಿತ್ರಿಸಲು ವರ್ಷಗಟ್ಟಲೆ ಶ್ರಮಿಸಿದ ಅಮೆರಿಕದ ಸುಂಟರಗಾಳಿ ಸಂಶೋಧಕ ಟಿಮ್ ಸಮಾರಾಸ್ ಎಚ್ಚರಿಕೆಗೆ ಹೆಸರಾಗಿದ್ದವರು. 2013ರ ಮೇ 31ರಂದು ಅಮೆರಿಕದ ಒಕ್ಲಹೋಮಾದ ಎಲ್ ರೀನೋ ಬಳಿ ಸುಂಟರಗಾಳಿಗೆ ಸಿಕ್ಕು ಅವರೂ ಅವರ ಮಗನೂ ಒಬ್ಬ ಸಹೋದ್ಯೋಗಿಯೂ ತೀರಿಕೊಂಡರು. ಹತ್ತಿರ ಹೋಗುವ ಮಾತು ಬಂದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಮಳೆಯ ಜೋರು ಮುಗಿಯಿತೆಂದು ಕ್ಯಾಮೆರಾವನ್ನು ಚೀಲಕ್ಕೆ ಹಾಕಬೇಡಿ. ದೊಡ್ಡ ಮೋಡಸಮೂಹ ದಾಟಿಹೋದ ಮೇಲೆ ಅದರ ಹಿಂಬದಿಯಲ್ಲಿ ಮಿಂಚು ಆಕಾಶದುದ್ದಕ್ಕೂ ಕವಲೊಡೆದು ನಿಧಾನವಾಗಿ ತೆವಳುವುದುಂಟು. ಅದನ್ನು ನೋಡುವುದೇ ಒಂದು ಸೌಭಾಗ್ಯ. ಆಗಲೂ ಗುಡುಗು ಕೇಳುತ್ತಿದ್ದರೆ ಇಳಿಯದೆ, ಒಳಗಿನ ದೀಪಗಳನ್ನೆಲ್ಲ ಆರಿಸಿ, ಅಗಲ ನೋಟದ ಲೆನ್ಸನ್ನು ಗಾಜಿಗೆ ತಾಗಿಸಿಟ್ಟು ಚಿತ್ರ ತೆಗೆಯಿರಿ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಳೆದರೆ ಟ್ರೈಪಾಡನ್ನು ಹೊರಗೆ ಇಡಬಹುದು.