ನಮ್ಮ ದುಡ್ಡು ನಮಗೇ ಸಿಗ್ತಿಲ್ಲ: ಓದುಗರು ಕೇಳಿದ್ದು, ನಾವು ಹೇಳಿದ್ದು

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಪಾಸ್‌ಬುಕ್ಕಲ್ಲಿ ಲಕ್ಷಗಟ್ಟಲೆ ಇದೆ, ಕೌಂಟರಲ್ಲಿ ಕೊಡಲ್ಲ ಅಂತಾರೆ. ಟ್ಯಾಕ್ಸು, ಮ್ಯೂಚುವಲ್ ಫಂಡ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇದೊಂದನ್ನೇ ತಗೊಂಡಿದೀನಿ. ಓದುಗರು ಬರೆದಿದ್ದ ಬ್ಯಾಂಕು, ಸೊಸೈಟಿಗಳ ಹೆಸರು ತೆಗೆದಿದೀನಿ.

ಪ್ರಶ್ನೆ: ನಾನು ರಿಟೈರ್ಡ್ ಟೀಚರ್. ಗ್ರಾಚ್ಯುಟಿ, ಪಿಎಫ್ ಎಲ್ಲ ಸೇರಿ ಬಂದ 18 ಲಕ್ಷವನ್ನ ನಮ್ಮ ಊರಿನ ಒಂದು ಪಟ್ಟಣ ಸಹಕಾರ ಬ್ಯಾಂಕಲ್ಲಿ ಎಫ್‌ಡಿ ಇಟ್ಟಿದ್ದೆ. ನನ್ನ ಹೆಸರಲ್ಲಿ ಮೂರು ಎಫ್‌ಡಿ, ಒಟ್ಟು 14 ಲಕ್ಷ, ಎರಡು ಬೇರೆ ಬೇರೆ ಬ್ರಾಂಚಲ್ಲಿ. ಒಂದೊಂದಕ್ಕೂ 5 ಲಕ್ಷದ ವಿಮೆ ಇರುತ್ತೆ ಅಂತ ಯಾರೋ ಹೇಳಿದ್ರಿಂದ ಹಾಗೆ ಒಡೆದು ಇಟ್ಟಿದ್ದು. ಇನ್ನೊಂದು 4 ಲಕ್ಷ ನಮ್ಮ ಯಜಮಾನ್ರ ಜೊತೆ ಜಂಟಿ. ಹೋದ ತಿಂಗಳು ಆರ್‌ಬಿಐ ನಿರ್ಬಂಧ ಹಾಕಿದೆ ಅಂತ ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ. ಎಷ್ಟು ಸಿಗುತ್ತೆ, ಯಾವಾಗ ಸಿಗುತ್ತೆ? ರಾತ್ರಿ ನಿದ್ದೆ ಇಲ್ಲ. (ತುಮಕೂರು)

ಮೇಡಂ, ಮೊದ್ಲು ಒಂದು ವಿಷಯ ತಿಳ್ಕೊಳ್ಳಿ. ನಿರ್ಬಂಧ ಅಂದ್ರೆ ಬ್ಯಾಂಕ್ ಮುಚ್ಚಿತು ಅಂತಲ್ಲ, ಲೈಸೆನ್ಸ್ ಇನ್ನೂ ಇದೆ. ಬ್ಯಾಂಕಿಂಗ್ ರೆಗ್ಯುಲೇಷನ್ ಕಾಯ್ದೆಯ 35ಎ ಸೆಕ್ಷನ್ ಅಡಿ ಆರ್‌ಬಿಐ, ಹೊಸ ಸಾಲ ಕೊಡ್ಬೇಡಿ, ಹೊಸ ಠೇವಣಿ ತಗೋಬೇಡಿ, ಖಾತೆದಾರರಿಗೆ ಇಷ್ಟಕ್ಕಿಂತ ಜಾಸ್ತಿ ಕೊಡ್ಬೇಡಿ ಅಂತ ಕೈ ಕಟ್ಟಿ ಹಾಕಿರುತ್ತೆ. ಇದು ಸಾಮಾನ್ಯವಾಗಿ ಆರು ತಿಂಗಳಿಗೆ ಅಂತ ಶುರುವಾಗುತ್ತೆ, ಆಮೇಲೆ ಮುಂದಕ್ಕೆ ಹೋಗೋದೂ ಉಂಟು.

ಇನ್ನು ವಿಮೆ ಲೆಕ್ಕ, ಇದನ್ನ ಹೇಳೋಕೆ ನನಗೂ ಸಂಕಟ ಆಗುತ್ತೆ. 5 ಲಕ್ಷ ಅನ್ನೋದು ಒಂದು ಎಫ್‌ಡಿಗೆ ಅಲ್ಲ, ಒಂದು ಬ್ರಾಂಚಿಗೂ ಅಲ್ಲ, ಒಂದು ಬ್ಯಾಂಕಲ್ಲಿ ಒಬ್ಬರಿಗೆ. ಆ ಬ್ಯಾಂಕಿನ ಎಲ್ಲ ಬ್ರಾಂಚಲ್ಲಿರೋ ನಿಮ್ಮ ಎಸ್‌ಬಿ, ಎಫ್‌ಡಿ, ಆರ್‌ಡಿ ಎಲ್ಲ ಕೂಡಿಸಿ, ಅಸಲು ಬಡ್ಡಿ ಎರಡೂ ಸೇರಿಸಿ, ಗರಿಷ್ಠ 5 ಲಕ್ಷ. ಹಾಗಾಗಿ ನಿಮ್ಮ ಒಬ್ಬರ ಹೆಸರಲ್ಲಿರೋ 14 ಲಕ್ಷಕ್ಕೆ ಸಿಗೋದು 5 ಲಕ್ಷ. ಜಂಟಿ ಖಾತೆಯನ್ನ ಮಾತ್ರ ಬೇರೆ ಲೆಕ್ಕಕ್ಕೆ ತಗೋತಾರೆ, ಹಾಗಾಗಿ ಆ 4 ಲಕ್ಷ, ಅದರ ಬಡ್ಡಿ ಸೇರಿ 5 ಲಕ್ಷ ದಾಟದಿದ್ರೆ, ಪೂರ್ತಿ ವಿಮೆಯೊಳಗೆ ಬರುತ್ತೆ. ಅಲ್ಲಿಗೆ 9 ಲಕ್ಷದ ಮೇಲೆ ಸ್ವಲ್ಪ ನಿಮಗೆ ಖಾತ್ರಿ. ಆ ಬ್ಯಾಂಕಲ್ಲಿ ಚಿನ್ನದ ಸಾಲ ಗಿನ್ನದ ಸಾಲ ಏನಾದ್ರೂ ಬಾಕಿ ಇದ್ರೆ ಅದನ್ನ ಕಳೆದು ಕೊಡ್ತಾರೆ. ಈಗ ಹೋಗಿ ಎಫ್‌ಡಿನ ಮಗನ ಹೆಸರಿಗೆ ಮಾಡ್ತೀನಿ ಅಂದ್ರೆ ಆಗಲ್ಲ, ನಿರ್ಬಂಧ ಬಂದ ದಿನ ಏನಿತ್ತೋ ಅದೇ ಲೆಕ್ಕ.

ಯಾವಾಗ ಅಂದ್ರೆ, 2021ರಲ್ಲಿ ಡಿಐಸಿಜಿಸಿ ಅಂದ್ರೆ ಠೇವಣಿ ವಿಮಾ ನಿಗಮದ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಇದಕ್ಕೊಂದು ಗಡುವು ಬಂದಿದೆ. ನಿರ್ಬಂಧ ಬಂದ 45 ದಿನದೊಳಗೆ ಬ್ಯಾಂಕು ಠೇವಣಿದಾರರ ಪಟ್ಟಿ ನಿಗಮಕ್ಕೆ ಕೊಡ್ಬೇಕು, ನಿಗಮ 30 ದಿನದಲ್ಲಿ ಅದನ್ನ ಪರಿಶೀಲಿಸ್ಬೇಕು, ಆಮೇಲೆ 15 ದಿನದಲ್ಲಿ ದುಡ್ಡು ಕೊಡ್ಬೇಕು, ಒಟ್ಟು 90 ದಿನ. ಬ್ಯಾಂಕನ್ನ ಬೇರೆ ಬ್ಯಾಂಕಿಗೆ ಸೇರಿಸೋ ಯೋಚನೆ ನಡೀತಿದ್ರೆ ಇನ್ನೊಂದು 90 ದಿನ ಮುಂದೆ ಹಾಕಬಹುದು. ಆದ್ರೆ ಇದು ತಾನಾಗೇ ಬರಲ್ಲ ಮೇಡಂ. ನೀವು ಬ್ರಾಂಚಿಗೆ ಹೋಗಿ ಸಮ್ಮತಿ ಪತ್ರ ಕೊಡ್ಬೇಕು, ಬೇರೆ ಬ್ಯಾಂಕಿನ ಖಾತೆ ನಂಬರು, ಆಧಾರ್, ಪ್ಯಾನ್ ಕೊಡ್ಬೇಕು, ಕೆವೈಸಿ ಹಳೇದಾಗಿದ್ರೆ ಅವತ್ತೇ ಸರಿ ಮಾಡಿಸ್ಬೇಕು. ಕೊಟ್ಟಿದ್ದಕ್ಕೆ ಸೀಲು ಹಾಕಿದ ಸ್ವೀಕೃತಿ ತಗೊಳ್ದೆ ಅಲ್ಲಿಂದ ಎದ್ದು ಬರ್ಬೇಡಿ. ಕ್ಲೇಮ್ ಬೇಗ ಮಾಡಿಸಿಕೊಡ್ತೀನಿ, ಪರ್ಸೆಂಟೇಜ್ ಕೊಡಿ ಅಂತ ಬರೋರು ಇದ್ದೇ ಇರ್ತಾರೆ, ಅವರಿಗೆ ಓಟಿಪಿಯೂ ಕೊಡ್ಬೇಡಿ, ಸಹಿಯೂ ಹಾಕ್ಬೇಡಿ, ಇದಕ್ಕೆ ಒಂದು ಪೈಸೆ ಫೀಸಿಲ್ಲ.

5 ಲಕ್ಷದ ಮೇಲಿನದ್ದು ಬ್ಯಾಂಕಿನ ಗತಿ ಏನಾಗುತ್ತೆ ಅನ್ನೋದರ ಮೇಲೆ ನಿಂತಿದೆ, ಅದರಲ್ಲಿ ಎರಡು ಥರ ಆಗಿರೋದನ್ನ ನೋಡಿದೀವಿ. ಮುಂಬೈನ ನ್ಯೂ ಇಂಡಿಯಾ ಕೋಆಪರೇಟಿವ್ ಬ್ಯಾಂಕಿಗೆ 2025ರ ಫೆಬ್ರವರಿ 13ಕ್ಕೆ ನಿರ್ಬಂಧ ಬಂದಾಗ ಮೊದಲಿಗೆ ಒಂದು ರೂಪಾಯಿನೂ ತೆಗೆಯೋ ಹಾಗಿರ್ಲಿಲ್ಲ, ಆದ್ರೆ ಅದೇ ವರ್ಷ ಆಗಸ್ಟಲ್ಲಿ ಅದು ಸಾರಸ್ವತ ಬ್ಯಾಂಕಲ್ಲಿ ವಿಲೀನ ಆಗಿ ಠೇವಣಿದಾರರು ಉಳ್ಕೊಂಡ್ರು. ಮುಂಬೈನದ್ದೇ ಪಿಎಂಸಿ ಬ್ಯಾಂಕು (ಪಂಜಾಬ್ ಅಂಡ್ ಮಹಾರಾಷ್ಟ್ರ ಕೋಆಪರೇಟಿವ್ ಬ್ಯಾಂಕ್) 2022ರ ಜನವರಿಯಲ್ಲಿ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೆ ಸೇರ್ತು, ಆದ್ರೆ 5 ಲಕ್ಷದ ಮೇಲಿನದನ್ನ ವರ್ಷಕ್ಕಿಷ್ಟು ಅಂತ ಕಂತಲ್ಲಿ, ದೊಡ್ಡ ಮೊತ್ತ ಇದ್ದೋರಿಗೆ ಪೂರ್ತಿ ಕೈಗೆ ಬರೋಕೆ 10 ವರ್ಷ ಅಂತ ಮಾಡಿದ್ರು. ಎಪ್ಪತ್ತು ವರ್ಷದೋರಿಗೆ ಹತ್ತು ವರ್ಷ ಕಾಯಿ ಅಂದ್ರೆ ಏನರ್ಥ, ನೀವೇ ಹೇಳಿ. ಅದಕ್ಕೇ ನಿಮ್ಮಂಥೋರು ಒಬ್ಬೊಬ್ಬರೇ ಮ್ಯಾನೇಜರ್ ಟೇಬಲ್ ಮುಂದೆ ನಿಂತು ಕೇಳೋದಕ್ಕಿಂತ ಠೇವಣಿದಾರರ ಸಂಘ ಅಂತ ಮಾಡ್ಕೊಂಡು ವಿಲೀನಕ್ಕೆ ಒತ್ತಾಯ ಮಾಡೋದು ಒಳ್ಳೇದು. ಮುಂದಿನ ಪ್ರಶ್ನೆನೂ ಅದೇ.

ಪ್ರಶ್ನೆ: ಬ್ಯಾಂಕ್ ಮುಂದೆ ಧರಣಿ, ಗಲಾಟೆ ಮಾಡಿದ್ರೆ ಇರೋ ಬ್ಯಾಂಕೂ ಮುಳುಗುತ್ತೆ, ಸುಮ್ಮನಿರಿ ಅಂತ ನಮ್ಮ ಡೈರೆಕ್ಟರ್ ಒಬ್ಬರು ಹೇಳ್ತಾರೆ. ಇದು ಸರಿನಾ? (ಬೆಂಗಳೂರು)

ಅರ್ಧ ಸರಿ, ಅರ್ಧ ತಪ್ಪು. ಗಟ್ಟಿಯಾಗಿರೋ ಬ್ಯಾಂಕಿನ ಬಗ್ಗೆ ವಾಟ್ಸಾಪಲ್ಲಿ ಗಾಳಿಸುದ್ದಿ ಬಂದು ಎಲ್ಲರೂ ಒಂದೇ ದಿನ ಹೋಗಿ ಕ್ಯೂ ನಿಂತ್ರೆ ಆ ಬ್ಯಾಂಕು ನಿಜವಾಗ್ಲೂ ಬೀಳಬಹುದು, ಯಾಕಂದ್ರೆ ನಾವಿಟ್ಟ ದುಡ್ಡು ತಿಜೋರಿಯಲ್ಲಿ ಕೂತಿರಲ್ಲ, ಸಾಲವಾಗಿ ಹೊರಗಡೆ ಹೋಗಿರುತ್ತೆ, ಅದು ವಾಪಸ್ ಬರೋಕೆ ವರ್ಷಗಳು ಬೇಕು. ಆದ್ರೆ ನಿರ್ಬಂಧ ಬಂದ ಮೇಲೆ ಯಾರೂ ತೆಗೆಯೋಕೇ ಆಗಲ್ವಲ್ಲ, ಆಮೇಲೆ ಧರಣಿಯಿಂದ ಮುಳುಗೋದು ಏನು? ಆವಾಗ ಸುಮ್ಮನಿರಿ ಅನ್ನೋದ್ರಿಂದ ಉಪಯೋಗ ಆಗೋದು ಸಾಲ ತಗೊಂಡು ಕಟ್ಟದೇ ಇರೋರಿಗೆ, ಅಂಥ ಸಾಲಕ್ಕೆ ಸಹಿ ಹಾಕಿದೋರಿಗೆ.

ನಮ್ಮ ದೇಶದಲ್ಲಿ ಠೇವಣಿದಾರರಿಗೆ ಸಿಕ್ಕಿರೋ ಒಂದೊಂದು ರಕ್ಷಣೆನೂ ಜನ ಬೀದಿಗೆ ಬಂದ ಮೇಲೇ ಸಿಕ್ಕಿದ್ದು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿ ದೊಡ್ಡ ಗದ್ದಲ ಆಯ್ತು, 1962ರ ಜನವರಿ 1ಕ್ಕೆ ಠೇವಣಿ ವಿಮೆ ಶುರುವಾಯ್ತು, ಆಗ ಮಿತಿ 1,500 ರೂಪಾಯಿ. 1993ರಲ್ಲಿ 1 ಲಕ್ಷ ಆಯ್ತು. ಅಲ್ಲಿಂದ ಇಪ್ಪತ್ತಾರು ವರ್ಷ ಅದನ್ನ ಯಾರೂ ಮುಟ್ಟಲಿಲ್ಲ, ಚಿನ್ನದ ರೇಟು ಎಲ್ಲಿಂದೆಲ್ಲಿಗೆ ಹೋಯ್ತು, ಈ 1 ಲಕ್ಷ ಅಲ್ಲೇ ಇತ್ತು.

2019ರ ಸೆಪ್ಟೆಂಬರಲ್ಲಿ ಪಿಎಂಸಿ ಬ್ಯಾಂಕ್ ಸುದ್ದಿ ಬಂತು. ಎಚ್‌ಡಿಐಎಲ್ ಅನ್ನೋ ಒಂದೇ ಬಿಲ್ಡರ್ ಗುಂಪಿಗೆ ಆರು ಸಾವಿರ ಕೋಟಿಗೂ ಮೇಲೆ ಸಾಲ ಕೊಟ್ಟು, ಅದನ್ನ ಮುಚ್ಚಿಡೋಕೆ ಸಾವಿರಾರು ಸುಳ್ಳು ಖಾತೆ ತೋರಿಸಿದ್ರು ಅನ್ನೋದು ಹೊರಗೆ ಬಿತ್ತು. ಮೊದಲ ದಿನ ಠೇವಣಿದಾರರಿಗೆ ಹೇಳಿದ್ದು ಆರು ತಿಂಗಳಿಗೆ ಒಟ್ಟು 1,000 ರೂಪಾಯಿ ಅಂತ! ಜನ ಮುಂಬೈ ಬೀದೀಲಿ, ಆರ್‌ಬಿಐ ಮುಂದೆ, ಕೋರ್ಟ್ ಮುಂದೆ ಬಿಡದೆ ಕೂತ್ರು. ಆ 1,000 ಕೆಲವೇ ದಿನದಲ್ಲಿ 10,000 ಆಯ್ತು, ಆಮೇಲೆ 25,000, 40,000, ನವೆಂಬರ್ ಹೊತ್ತಿಗೆ 50,000. ಅಷ್ಟರಲ್ಲಿ 2020ರ ಜನವರಿಯಲ್ಲಿ ನಮ್ಮ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೂ ನಿರ್ಬಂಧ ಬಂತು, ತೆಗೆಯೋಕೆ ಬಿಟ್ಟಿದ್ದು 35,000. ಅಲ್ಲಿ ದುಡ್ಡಿಟ್ಟವರಲ್ಲಿ ಎಷ್ಟೋ ಜನ ಪೆನ್ಷನ್‌ದಾರರು, ನಾಲ್ಕು ಕಾಸು ಬಡ್ಡಿ ಜಾಸ್ತಿ ಬರುತ್ತೆ, ಅದ್ರಲ್ಲೇ ತಿಂಗಳ ಔಷಧಿ, ಹಾಲು, ಕರೆಂಟ್ ಬಿಲ್ಲು ನಡೆಯುತ್ತೆ ಅಂತ ಇಟ್ಟೋರು. ಯಾವತ್ತೂ ಒಂದು ಘೋಷಣೆ ಕೂಗದ ವಯಸ್ಸಾದೋರು ಫೈಲು, ಎಫ್‌ಡಿ ಬಾಂಡು ಕೈಯಲ್ಲಿ ಹಿಡ್ಕೊಂಡು ಸಭೆಗಳಿಗೆ ಬಂದು ನಿಂತ್ರು, ಎಂಪಿ, ಎಂಎಲ್‌ಎಗಳನ್ನ ಕೂರಿಸ್ಕೊಂಡು ಲೆಕ್ಕ ಕೇಳಿದ್ರು.

ಅದೇ 2020ರ ಫೆಬ್ರವರಿ 1ರ ಬಜೆಟಲ್ಲಿ ವಿಮೆ 1 ಲಕ್ಷದಿಂದ 5 ಲಕ್ಷ ಆಯ್ತು. ಮುಂದಿನ ವರ್ಷ 90 ದಿನದ ಕಾನೂನೂ ಬಂತು. ಅದಕ್ಕೆ ಮುಂಚೆ ಲೈಸೆನ್ಸ್ ರದ್ದಾಗಿ ಲಿಕ್ವಿಡೇಟರ್ (ಬ್ಯಾಂಕಿನ ಆಸ್ತಿ ಮಾರಿ ಲೆಕ್ಕ ಮುಗಿಸೋರು) ಬರೋವರೆಗೂ ವಿಮೆ ದುಡ್ಡು ಇಲ್ಲ, ವರ್ಷಗಟ್ಟಲೆ ಕಾಯ್ಬೇಕಿತ್ತು. ಹಾಗಾಗಿ ನಿಮ್ಮ ಡೈರೆಕ್ಟರ್‌ಗೆ ಹೇಳಿ, ನಾವು ಕಲ್ಲು ಹೊಡೆಯಲ್ಲ, ಕೌಂಟರಲ್ಲಿ ಕೂತಿರೋ ಹುಡುಗಿ ಮೇಲೆ ಕೂಗಾಡಲ್ಲ (ಅವಳದ್ದೂ, ಅವರಪ್ಪನದ್ದೂ ದುಡ್ಡು ಅದೇ ಬ್ಯಾಂಕಲ್ಲಿರುತ್ತೆ), ಆದ್ರೆ ಸಾಲ ಯಾರಿಗೆ ಹೋಗಿದೆ, ಆಡಿಟ್ ಯಾರು ಮಾಡಿದ್ರು, ವಸೂಲಿ ಎಷ್ಟಾಯ್ತು ಅಂತ ಕೇಳೋದನ್ನ ನಿಲ್ಲಿಸಲ್ಲ.

ಪ್ರಶ್ನೆ: ನಾನಿರೋದು ದುಬೈಯಲ್ಲಿ, ನನ್ನ ಜೊತೆ ಕೆಲಸ ಮಾಡೋ ಲೆಬನಾನ್‌ನವರು ಒಬ್ಬರು ಅವರ ಅಪ್ಪನ ಬ್ಯಾಂಕ್ ದುಡ್ಡು ಹೋಯ್ತು ಅಂತ ಹೇಳ್ತಿರ್ತಾರೆ. ಅಲ್ಲಿ ಜನ ಸ್ವಂತ ದುಡ್ಡಿಗೆ ಬ್ಯಾಂಕಿಗೆ ನುಗ್ಗಿದ್ರಂತೆ, ನಿಜಾನಾ? ಒಂದು ದೇಶದ ಎಲ್ಲ ಬ್ಯಾಂಕೂ ಹಾಗೆ ಆಗೋಕೆ ಸಾಧ್ಯನಾ? (ಮೂಲ ಕುಂದಾಪುರ)

ನಿಜ. 2022ರ ಸೆಪ್ಟೆಂಬರ್ 14ಕ್ಕೆ ಬೈರೂತ್‌ನ ಬ್ಲೋಮ್ ಬ್ಯಾಂಕಿನ ಬ್ರಾಂಚೊಂದಕ್ಕೆ ಸಾಲಿ ಹಾಫಿಜ್ ಅನ್ನೋ ಹೆಣ್ಮಗಳು ಕೈಯಲ್ಲಿ ಪಿಸ್ತೂಲ್ ಹಿಡ್ಕೊಂಡು ಹೋದ್ಲು, ಆಮೇಲೆ ಗೊತ್ತಾಯ್ತು ಅದು ಆಟದ ಪಿಸ್ತೂಲು ಅಂತ. ತಂಗಿಗೆ ಕ್ಯಾನ್ಸರ್, ಚಿಕಿತ್ಸೆಗೆ ದುಡ್ಡು ಬೇಕು, ದುಡ್ಡು ಅದೇ ಬ್ಯಾಂಕಲ್ಲಿದೆ, ಕೊಡ್ತಿಲ್ಲ. ಸುಮಾರು 13,000 ಡಾಲರ್ ತಗೊಂಡು ಹೊರಗೆ ಬಂದ್ಲು, ಆ ದೇಶದ ಎಷ್ಟೋ ಜನಕ್ಕೆ ಅವಳು ಕಳ್ಳಿ ಅಲ್ಲ, ಮನೆಮಗಳು. ಅದಕ್ಕೆ ಒಂದು ತಿಂಗಳ ಮುಂಚೆ ಹಮ್ರಾ ಅನ್ನೋ ಏರಿಯಾದಲ್ಲಿ ಒಬ್ಬ ತನ್ನ ಅಪ್ಪನ ಆಸ್ಪತ್ರೆ ಬಿಲ್ಲಿಗೆ ಅಂತ ಬಂದೂಕು ಹಿಡಿದು ಗಂಟೆಗಟ್ಟಲೆ ಬ್ಯಾಂಕಲ್ಲಿ ಜನರನ್ನ ಒತ್ತೆ ಇಟ್ಕೊಂಡಿದ್ದ, ಅವನ ಖಾತೆಯಲ್ಲಿ ಎರಡು ಲಕ್ಷ ಡಾಲರ್ ಮೇಲಿತ್ತು, ಕೊನೆಗೆ ಸಿಕ್ಕಿದ್ದು 35,000. ಹೊರಗೆ ನಿಂತ ಗುಂಪು ಬ್ಯಾಂಕುಗಳ ವಿರುದ್ಧ ಕೂಗ್ತಿತ್ತು. ಸೆಪ್ಟೆಂಬರಲ್ಲಿ ಇಂಥವು ಒಂದರ ಹಿಂದೆ ಒಂದು ಆಗಿ ದೇಶದ ಬ್ಯಾಂಕುಗಳೇ ಒಂದಷ್ಟು ದಿನ ಬಾಗಿಲು ಹಾಕಿದ್ವು.

ಸಾಧ್ಯ ಆಗಿದ್ದು ಹೇಗೆ ಅಂದ್ರೆ, 1997ರಿಂದ ಅಲ್ಲಿ ಒಂದು ಡಾಲರಿಗೆ ಸುಮಾರು 1,507 ಲೆಬನಾನ್ ಪೌಂಡ್ ಅಂತ ರೇಟು ಕಟ್ಟಿ ಹಾಕಿದ್ರು. ಅದನ್ನ ಹಿಡಿದಿಡೋಕೆ ಡಾಲರ್ ಬರ್ತಾನೇ ಇರ್ಬೇಕು, ಅದಕ್ಕೆ ಬ್ಯಾಂಕುಗಳು ದೊಡ್ಡ ಬಡ್ಡಿ ಆಸೆ ತೋರಿಸಿದ್ವು, ಗಲ್ಫಲ್ಲಿ, ಆಫ್ರಿಕಾದಲ್ಲಿ ದುಡಿಯೋ ಲೆಬನಾನ್‌ನವರು ಉಳಿಸಿದ್ದನ್ನೆಲ್ಲ ಅಲ್ಲಿಗೆ ಕಳಿಸಿದ್ರು. ಬ್ಯಾಂಕುಗಳು ಅದನ್ನ ಕೇಂದ್ರ ಬ್ಯಾಂಕಿಗೆ, ಸರ್ಕಾರಕ್ಕೆ ಕೊಟ್ವು, ಅಲ್ಲಿ ಖರ್ಚಾಗ್ತಾ ಹೋಯ್ತು. 2019ರ ಅಕ್ಟೋಬರಲ್ಲಿ ಜನ ಸರ್ಕಾರದ ವಿರುದ್ಧ ಬೀದಿಗಿಳಿದಾಗ ಬ್ಯಾಂಕು ಎರಡು ವಾರ ಮುಚ್ಚಿದ್ವು, ತೆರೆದಾಗ ಡಾಲರ್ ಕೊಡೋಕೆ ಕೈಯಾಡಲಿಲ್ಲ. 2020ರ ಮಾರ್ಚಲ್ಲಿ ದೇಶವೇ ಸಾಲ ಕಟ್ಟಲ್ಲ ಅಂತು. ಡಾಲರ್ ಠೇವಣಿಯನ್ನ ಪೌಂಡಲ್ಲಿ, ಅದೂ ಮಾರ್ಕೆಟ್ ರೇಟಿಗಿಂತ ಎಷ್ಟೋ ಕಮ್ಮಿಗೆ ತಗೊಳ್ಳಿ ಅಂದ್ರು, ಹೀಗೆ ಒಂದೊಂದು ಸಲ ತೆಗೆದಾಗ್ಲೂ ಉಳಿತಾಯ ಕರಗ್ತಾ ಹೋಯ್ತು. ಅಲ್ಲಿ ನಮ್ಮಲ್ಲಿರೋ ಥರ ಒಬ್ಬರಿಗೆ ಇಷ್ಟು, ಇಷ್ಟು ದಿನದಲ್ಲಿ ಅನ್ನೋ ಕಾನೂನಿನ ಬದಲು ಒಂದೊಂದು ಬ್ಯಾಂಕು ತನಗೆ ತೋಚಿದಷ್ಟು ಕೊಡ್ತು, ಸಿಟ್ಟು ಬಂದೂಕಿನವರೆಗೆ ಹೋಗಿದ್ದು ಅದಕ್ಕೇ. ನಿಮ್ಮ ಸಹೋದ್ಯೋಗಿಗೆ ಸಮಾಧಾನ ಹೇಳಿ ಸರ್, ಅವರ ತಂದೆ ಮಾಡಿದ್ದು ಯಾವ ತಪ್ಪೂ ಅಲ್ಲ.

ಪ್ರಶ್ನೆ: ದೊಡ್ಡ ಪ್ರೈವೇಟ್ ಬ್ಯಾಂಕಿಗೆ ಹಾಕಿಬಿಟ್ರೆ ತಲೆನೋವಿಲ್ಲ ಅಲ್ವಾ? (ಮೈಸೂರು)

ಅಪಾಯ ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ. ಯೆಸ್ ಬ್ಯಾಂಕಿಗೆ 2020ರ ಮಾರ್ಚ್ 5ಕ್ಕೆ 50,000 ಮಿತಿ ಹಾಕಿದ್ರು, ಎಸ್‌ಬಿಐ ಮುಂದೆ ಬಂದು ದುಡ್ಡು ಹಾಕಿದ ಮೇಲೆ ಮಾರ್ಚ್ 18ಕ್ಕೆ ಆ ಮಿತಿ ತೆಗೆದ್ರು. ಅದೇ ವರ್ಷ ನವೆಂಬರಲ್ಲಿ ಲಕ್ಷ್ಮಿ ವಿಲಾಸ್ ಬ್ಯಾಂಕಿಗೆ 25,000 ಮಿತಿ, ಹತ್ತು ದಿನದಲ್ಲಿ ಡಿಬಿಎಸ್ ಬ್ಯಾಂಕ್ ಇಂಡಿಯಾಗೆ ಸೇರ್ತು. ದೊಡ್ಡ ಬ್ಯಾಂಕಿಗೆ ಬೇಗ ಕೈ ಹಿಡಿಯೋರು ಸಿಗ್ತಾರೆ, ಸಣ್ಣ ಸಹಕಾರ ಬ್ಯಾಂಕಿನೋರು ಕಾಯ್ತಾ ಕೂರ್ತಾರೆ, ಇದು ಅನ್ಯಾಯನೇ. ನೀವು ಎರಡು ಮೂರು ಬ್ಯಾಂಕಲ್ಲಿ ಹಂಚಿ ಇಡಿ, ಸ್ವಲ್ಪ ಪೋಸ್ಟಾಫೀಸಲ್ಲಿ ಇಡಿ, ಅಲ್ಲಿ ಪೂರ್ತಿಗೆ ಕೇಂದ್ರ ಸರ್ಕಾರದ ಹೊಣೆ.

ಪ್ರಶ್ನೆ: ನಮಸ್ಕಾರ್ರೀ ಸರ. ನಾ ಒಂದ ಸೌಹಾರ್ದ ಸೊಸೈಟಿದಾಗ ಪಿಗ್ಮಿ ಕಲೆಕ್ಷನ್ ಮಾಡ್ತೇನ್ರಿ. ಕಾಯಿಪಲ್ಲೆ ಮಾರೋರು, ಚಾದಂಗಡಿಯವ್ರು ದಿನಾ ಐವತ್ತು ನೂರು ಕೊಡತಿದ್ರು. ಈಗ ಸೊಸೈಟಿ ಬಾಗಲಾ ಹಾಕೇದ, ಅಧ್ಯಕ್ಷರ ಫೋನ್ ಬಂದ್. ಮಂದಿ ದಿನಾ ಮನಿ ಮುಂದ ಬಂದ ಕುಂದರ್ತಾರ. ಇದಕ್ಕೂ 5 ಲಕ್ಷ ವಿಮಾ ಐತೇನ್ರಿ? ನಾ ಏನ್ ಮಾಡ್ಲಿ? (ಗದಗ ಜಿಲ್ಲೆ)

ಇಲ್ಲ ಅಣ್ಣಾ. ಸೌಹಾರ್ದ ಸಹಕಾರಿ, ಪತ್ತಿನ ಸಹಕಾರ ಸಂಘ, ವಿಎಸ್‌ಎಸ್‌ಎನ್ (ಹಳ್ಳಿಯ ವ್ಯವಸಾಯ ಸೇವಾ ಸಹಕಾರ ಸಂಘ) ಯಾವುದಕ್ಕೂ ಡಿಐಸಿಜಿಸಿ ವಿಮೆ ಇಲ್ಲ. ಆರ್‌ಬಿಐ ಲೈಸೆನ್ಸ್ ಇರೋ ಬ್ಯಾಂಕಿಗೆ ಮಾತ್ರ. ಹೆಸರಲ್ಲಿ ಸೌಹಾರ್ದ ಅಂತಿದ್ದೂ ಆರ್‌ಬಿಐ ಲೈಸೆನ್ಸ್ ಪಡೆದ ಬ್ಯಾಂಕುಗಳೂ ಇವೆ, ಅವಕ್ಕೆ ವಿಮೆ ಇದೆ, ಆದ್ರೆ ನೀವು ಹೇಳೋದು ಸೊಸೈಟಿ. ಬೋರ್ಡು, ಕೌಂಟರು, ಪಾಸ್‌ಬುಕ್ಕು ಎಲ್ಲ ಬ್ಯಾಂಕಿನ ಥರನೇ ಇರುತ್ತೆ, ಜನಕ್ಕೆ ವ್ಯತ್ಯಾಸ ಗೊತ್ತಾಗೋದು ಹೇಗೆ? ವಿಮೆ ಇಲ್ಲ ಅಂತ ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ಬರೆಸೋ ನಿಯಮ ಬರ್ಬೇಕು ಅಂತ ನಾನು ಈ ಅಂಕಣದಲ್ಲಿ ಮತ್ತೆ ಮತ್ತೆ ಬರೀತೀನಿ.

ಪಿಗ್ಮಿ ಅನ್ನೋದು ಶುರುವಾಗಿದ್ದೇ ನಮ್ಮ ಕರಾವಳಿಯಲ್ಲಿ, 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆ ಉಳಿಸೋ ಬಡವರ ಬಾಗಿಲಿಗೇ ಹೋಗಿ. ನಿಮ್ಮ ಮುಖ ನೋಡಿ ಕೊಟ್ಟ ದುಡ್ಡು ಅದು, ಹಾಗಾಗಿ ಜನರಿಂದ ತಪ್ಪಿಸ್ಕೊಂಡು ಓಡಾಡ್ಬೇಡಿ. ಕಲೆಕ್ಷನ್ ಮಷಿನ್‌ನ ರಸೀದಿ, ನೀವು ದಿನಾ ಸೊಸೈಟಿಗೆ ಕಟ್ಟಿದ ಚಲನ್, ಲೆಡ್ಜರ್ ಏನಿದೆಯೋ ಎಲ್ಲ ಜೆರಾಕ್ಸ್ ಮಾಡಿಸಿ ಎರಡು ಕಡೆ ಇಡಿ, ನೀವು ತಗೊಂಡಿದ್ದು ಪೂರ್ತಿ ಕಟ್ಟಿದೀರಿ ಅನ್ನೋದಕ್ಕೆ ಅದೇ ಸಾಕ್ಷಿ. ಗ್ರಾಹಕರ ಪಟ್ಟಿ ಮಾಡಿ, ಹೆಸರು, ಪಾಸ್‌ಬುಕ್ ನಂಬರು, ಬಾಕಿ ಎಷ್ಟು ಅಂತ. ಅವರನ್ನೆಲ್ಲ ಕರ್ಕೊಂಡು, ನೀವೂ ಒಬ್ಬರಾಗಿ, ಜಿಲ್ಲೆಯ ಸಹಕಾರ ಇಲಾಖೆ ಆಫೀಸಿಗೆ ಹೋಗಿ ಲಿಖಿತ ದೂರು ಕೊಡಿ, ಪೊಲೀಸ್ ಠಾಣೆಯಲ್ಲೂ ಕೊಡಿ. ಠೇವಣಿದಾರರ ಹಿತ ಕಾಯೋಕೆ ಅಂತ ಕರ್ನಾಟಕದ 2004ರ ಕಾಯ್ದೆ ಇದೆ, ಕೆಪಿಐಡಿ ಕಾಯ್ದೆ ಅಂತಾರೆ, 2019ರಲ್ಲಿ ಬೆಂಗಳೂರಲ್ಲಿ ಐಎಂಎ ಕಂಪನಿ ಮುಳುಗಿದಾಗ ಆಸ್ತಿ ಜಪ್ತಿ ಮಾಡಿದ್ದು ಅದರಡಿನೇ. ಅದರಡಿ ಕೇಸ್ ಹಾಕಿ ಅಂತ ದೂರಲ್ಲೇ ಬರೀರಿ. ಆಡಳಿತ ಮಂಡಳಿಯವರು ಆಸ್ತಿ ಮಾರೋಕೆ ಮುಂಚೆ ಇದು ಆಗ್ಬೇಕು, ಅದಕ್ಕೆ ನಾಳೆ ನಾಡಿದ್ದು ಅನ್ಬೇಡಿ, ಸೋಮವಾರವೇ ಹೋಗಿ. ದೂರಿನ ಪ್ರತಿ ನಮಗೂ ಕಳಿಸಿ, ಇಲಾಖೆಯವರು ಏನಂದ್ರು ಅಂತ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.